ಬೆರಕೆ ಮೊದಲು ಕೇಳಿಸುತ್ತದೆ, ಆಮೇಲೆ ಕಾಣಿಸುತ್ತದೆ

ಇರಾನಿನ ಬಹ್ರಾಮ್ ಬೇಜಾಯಿ ಅವರ ‘ಬಾಶು’ ಚಿತ್ರದ ಒಂದು ದೃಶ್ಯದಿಂದ ಶುರು ಮಾಡೋಣ. ಬಾಶು ದಕ್ಷಿಣದ ಖುಜೆಸ್ತಾನದ ಹುಡುಗ. ಮನೆಮಾತು ಅರಬ್ಬಿ, ಮೈಬಣ್ಣ ಕಪ್ಪು. ಇರಾಕ್ ಜತೆಗಿನ ಯುದ್ಧದಲ್ಲಿ ಮನೆಯವರನ್ನು ಕಳೆದುಕೊಂಡು ಒಂದು ಲಾರಿಯಲ್ಲಿ ಅಡಗಿ ಕೂತವನು, ಇಳಿಯುವ ಹೊತ್ತಿಗೆ ದೇಶದ ಇನ್ನೊಂದು ತುದಿಗೆ ಬಂದಿರುತ್ತಾನೆ: ಕ್ಯಾಸ್ಪಿಯನ್ ಸಮುದ್ರದ ಕಡೆಯ ಗೀಲಾನ್. ಅವನಿಗೆ ಆಸರೆ ಕೊಡುವ ರೈತ ಹೆಂಗಸು ಆಡುವುದು ಗೀಲಕಿ. ಅವಳ ಮಾತು ಇವನಿಗೆ ತಿಳಿಯದು, ಇವನ ಮಾತು ಅವಳಿಗೆ ತಿಳಿಯದು. ಇಬ್ಬರೂ ಒಂದೇ ದೇಶದ ಪ್ರಜೆಗಳು. ಅವಳು ಹುಡುಗನಿಗೆ ಸ್ನಾನ ಮಾಡಿಸುವಾಗ ಆ ಕಪ್ಪು ತೊಳೆದರೆ ಹೋದೀತೆಂದು ತಿಕ್ಕಿ ತಿಕ್ಕಿ ನೋಡುತ್ತಾಳೆ.

ಮುಂದೆ ಊರಿನ ಹುಡುಗರು ಬಾಶುವನ್ನು ಗೇಲಿ ಮಾಡಿ ಜಗಳಕ್ಕೆ ಎಳೆಯುತ್ತಾರೆ. ಅಲ್ಲೇ ಬಿದ್ದ ಶಾಲೆಯ ಪಠ್ಯಪುಸ್ತಕ ಅವನ ಕೈಗೆ ಸಿಗುತ್ತದೆ. ಅದನ್ನು ಬಿಡಿಸಿ ಗಟ್ಟಿಯಾಗಿ ಓದುತ್ತಾನೆ, ಫಾರ್ಸಿಯಲ್ಲಿ. ಇರಾನ್ ನಮ್ಮ ನಾಡು, ನಾವೆಲ್ಲ ಅದರ ಮಕ್ಕಳು ಎಂಬ ಅರ್ಥದ ಪಾಠ. ಹುಡುಗರು ಸ್ತಬ್ಧರಾಗಿ ನಿಲ್ಲುತ್ತಾರೆ. ಇವನಿಗೂ ಮಾತು ಬರುತ್ತದೆ, ಅದೂ ತಾವು ಶಾಲೆಯಲ್ಲಿ ಕಲಿಯುವ ಮಾತೇ!

ಈ ದೃಶ್ಯವನ್ನು ರಾಷ್ಟ್ರಭಾಷೆಯ ಹೊಗಳಿಕೆ ಎಂದು ಓದಿದವರಿದ್ದಾರೆ. ಆದರೆ ಹುಡುಗನ ದನಿಯನ್ನು ಸ್ವಲ್ಪ ಕಿವಿಗೊಟ್ಟು ಕೇಳಿ. ಅದು ಬಾಯಿಪಾಠದ ಓದು. ಅಳಬೇಕಾದಾಗ, ಹೆದರಿದಾಗ ಅವನಿಗೆ ಒದಗುವುದು ಅರಬ್ಬಿಯೇ. ಫಾರ್ಸಿ ಇಬ್ಬರಿಗೂ ಪುಸ್ತಕದ ಮಾತು. ದೇಶ ಒಂದು ಎನ್ನುವುದನ್ನು ಆಡಿ ತೋರಿಸಲು ಎರಡೂ ಕಡೆಯವರು ತಮ್ಮದಲ್ಲದ ಮಾತಿಗೆ ಹೋಗಬೇಕು. 1980ರ ದಶಕದ ನಡುವೆ ತಯಾರಾದ ಈ ಚಿತ್ರ ಜನರ ಮುಂದೆ ಬಂದದ್ದು ಕೆಲವು ವರ್ಷ ತಡವಾಗಿ.

‘ರಾಷ್ಟ್ರೀಯ ಸಿನಿಮಾ ಜನಾಂಗೀಯ ವೈವಿಧ್ಯವನ್ನು ಹೇಗೆ ತೋರಿಸುತ್ತದೆ’ ಎಂದು ಕೇಳಿದಾಗ ನಾವು ಸಾಮಾನ್ಯವಾಗಿ ಮುಖಗಳನ್ನು ಎಣಿಸಲು ಕೂರುತ್ತೇವೆ. ಇವರೆಷ್ಟು, ಅವರೆಷ್ಟು, ಯಾರು ನಾಯಕ, ಯಾರು ಅಡುಗೆಯವನು. ಎಣಿಕೆ ಬೇಡ ಎನ್ನುವುದಿಲ್ಲ. ಆದರೆ ಒಂದು ಚಿತ್ರ ತನ್ನ ಪ್ರೇಕ್ಷಕನಿಗೆ ಯಾವ ಮಾತು ಬರುತ್ತದೆ ಎಂದು ಭಾವಿಸಿದೆ, ಯಾರಿಗೆ ವಿವರಣೆ ಕೊಡುತ್ತದೆ, ಯಾರನ್ನು ವಿವರಿಸುತ್ತದೆ ಎಂಬುದರಲ್ಲಿ ಇದಕ್ಕಿಂತ ಹೆಚ್ಚು ಸಿಗುತ್ತದೆ. ಅದರಲ್ಲಿ ಬಹಳಷ್ಟು ಕ್ಯಾಮೆರಾ ತಿರುಗುವ ಮೊದಲೇ, ಕಾಗದದ ಮೇಲೆ ತೀರ್ಮಾನವಾಗಿರುತ್ತದೆ.

ಪದದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಜನ, ಭಾಷೆ, ಸಂಸ್ಕೃತಿಗಳು ಕಲೆತುಹೋಗುವುದಕ್ಕೆ, ಇಂಗ್ಲಿಷಿನ ಹೈಬ್ರಿಡಿಟಿಗೆ, ನಾವು ‘ಸಂಕರ’ ಎನ್ನುತ್ತೇವೆ, ‘ಬೆರಕೆ’ ಎನ್ನುತ್ತೇವೆ. ಮನುಷ್ಯರ ವಿಷಯಕ್ಕೆ ಬಂದರೆ ಎರಡಕ್ಕೂ ಬೈಗುಳದ ವಾಸನೆ ಇದೆ. ಅದೇ ಬಿತ್ತನೆ ಬೀಜಕ್ಕೆ ‘ಹೈಬ್ರಿಡ್’ ಎಂದರೆ ಹೊಗಳಿಕೆ. ನಾನು ಬೇಕೆಂದೇ ಬೆರಕೆ ಎಂಬ ಪದ ಬಳಸುತ್ತಿದ್ದೇನೆ. ಸಿನಿಮಾ ಕೂಡ ಇದೇ ಎರಡು ಮನಸ್ಸಿನ ನಡುವೆ ಓಲಾಡುತ್ತದೆ.

ಈಗ ಕಾಗದದ ವಿಷಯ. 1941ರಲ್ಲಿ ಸರ್ವಾಧಿಕಾರಿ ಫ್ರಾಂಕೊ ಆಡಳಿತದ ಸ್ಪೇನ್, ಚಿತ್ರಮಂದಿರದಲ್ಲಿ ಸ್ಪ್ಯಾನಿಷ್ ಬಿಟ್ಟು ಬೇರೆ ಭಾಷೆ ಕೇಳಿಸಕೂಡದೆಂದು ಆದೇಶ ಹೊರಡಿಸಿತು. ವಿದೇಶಿ ಚಿತ್ರಗಳಿಗೆಲ್ಲ ಡಬ್ಬಿಂಗ್ ಕಡ್ಡಾಯ. ಡಬ್ಬಿಂಗ್ ಕೋಣೆಯಲ್ಲಿ ಮಾತನ್ನು ಬದಲಿಸಿದರೆ ಸೆನ್ಸಾರಿನ ಕೆಲಸವೂ ಸಲೀಸು. ಸ್ಪೇನಿನವೇ ಆದ ಕಟಲಾನ್, ಬಾಸ್ಕ್ ಮಾತಿಗೆ ತೆರೆಯ ಮೇಲೆ ಜಾಗವೇ ಉಳಿಯಲಿಲ್ಲ. ಇದು ಒರಟು ವಿಧಾನ, ನೋಡಿದ ಕೂಡಲೇ ಗೊತ್ತಾಗುತ್ತದೆ. ನಯವಾದ ವಿಧಾನಗಳು ಬೇರೆ ಇವೆ.

ಆಸ್ಕರ್‌ನ ವಿದೇಶಿ ಭಾಷಾ ಚಿತ್ರ ವಿಭಾಗವನ್ನೇ ತೆಗೆದುಕೊಳ್ಳಿ. ಬಹುಕಾಲ ಅಲ್ಲಿದ್ದ ನಿಯಮ: ಕಳುಹಿಸುವ ದೇಶದ ಅಧಿಕೃತ ಭಾಷೆಯಲ್ಲೇ ಚಿತ್ರವಿರಬೇಕು. ಹಾಗಾಗಿ 2005ರಲ್ಲಿ ಆಸ್ಟ್ರಿಯಾ ಕಳಿಸಿದ ಮಿಖಾಯೆಲ್ ಹಾನೆಕೆ ಅವರ ‘ಕಾಶೆ’ ಫ್ರೆಂಚಿನಲ್ಲಿದೆ ಎಂದು ತಿರಸ್ಕೃತವಾಯಿತು. ಮರುವರ್ಷ ನಿಯಮ ಸಡಿಲವಾದಾಗ ಕೆನಡಾ ಕಳಿಸಿದ್ದು ದೀಪಾ ಮೆಹ್ತಾ ಅವರ ಹಿಂದಿ ಚಿತ್ರ ‘ವಾಟರ್’. ಅದು ನಾಮನಿರ್ದೇಶನವನ್ನೂ ಪಡೆಯಿತು. ಆದರೆ ಇನ್ನೊಂದು ನಿಯಮ ಉಳಿದುಕೊಂಡಿತು: ಅರ್ಧಕ್ಕಿಂತ ಹೆಚ್ಚು ಮಾತು ಇಂಗ್ಲಿಷೇತರವಾಗಿರಬೇಕು. 2007ರ ಇಸ್ರೇಲಿ ಚಿತ್ರ ‘ದಿ ಬ್ಯಾಂಡ್ಸ್ ವಿಸಿಟ್’ ಇದಕ್ಕೆ ಬಲಿಯಾಯಿತು. ಈಜಿಪ್ಟಿನ ಪೊಲೀಸ್ ವಾದ್ಯವೃಂದವೊಂದು ದಾರಿ ತಪ್ಪಿ ಇಸ್ರೇಲಿನ ಮೂಲೆಯ ಊರಿಗೆ ಬರುವ ಕಥೆ ಅದು. ಅರಬ್ಬಿಯವರು, ಹೀಬ್ರೂವಿನವರು ಪರಸ್ಪರ ಮಾತಾಡಬೇಕಾದರೆ ಇಬ್ಬರಿಗೂ ಅರೆಬರೆ ಬರುವ ಇಂಗ್ಲಿಷೇ ಗತಿ. ಚಿತ್ರದ ಜೀವಾಳವೇ ಆ ತಡವರಿಕೆ. ಅಳತೆಗೋಲಿಗೆ ಮಾತ್ರ ಅದು ‘ಇಂಗ್ಲಿಷ್ ಜಾಸ್ತಿಯಾದ ಚಿತ್ರ’.

2019ರಲ್ಲಿ ನೈಜೀರಿಯಾ ಮೊಟ್ಟಮೊದಲ ಬಾರಿಗೆ ಕಳುಹಿಸಿದ ‘ಲಯನ್‌ಹಾರ್ಟ್’ಗೂ ಇದೇ ಆಯಿತು. ಅದರಲ್ಲಿ ಇಗ್ಬೊ ಮಾತು ಸುಮಾರು 11 ನಿಮಿಷ ಮಾತ್ರ. ಆದರೆ ನೈಜೀರಿಯಾದ ಅಧಿಕೃತ ಭಾಷೆಯೇ ಇಂಗ್ಲಿಷ್. ನೂರಾರು ಭಾಷೆಗಳ ದೇಶದಲ್ಲಿ ದಕ್ಷಿಣದವರು ಉತ್ತರದವರೊಡನೆ ವ್ಯವಹಾರ ಮಾತಾಡುವುದು ಬಹುಪಾಲು ಅದರಲ್ಲೇ. ತಮಾಷೆಯೆಂದರೆ ಅದೇ ವರ್ಷ ವಿಭಾಗದ ಹೆಸರಿನಿಂದ ‘ವಿದೇಶಿ ಭಾಷೆ’ ತೆಗೆದು ‘ಅಂತರರಾಷ್ಟ್ರೀಯ’ ಎಂದು ಹಾಕಿದ್ದರು. ಬೋರ್ಡು ಬದಲಾಯಿತು, ಅಂಗಡಿ ಹಳೆಯದೇ.

ಇದನ್ನೆಲ್ಲ ಹೊರಗಿನವರ ತಪ್ಪು ಎಂದು ಬಿಡುವ ಹಾಗಿಲ್ಲ. ಮಲೇಷ್ಯಾದ ರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ 2016ರಲ್ಲಿ ದೊಡ್ಡ ಗಲಾಟೆ ನಡೆಯಿತು. ಶ್ರೇಷ್ಠ ಚಿತ್ರದ ಮುಖ್ಯ ವಿಭಾಗಕ್ಕೆ ಶೇ 70ರಷ್ಟು ಮಲಯ್ ಮಾತು ಇರಬೇಕೆಂಬ ನಿಯಮದಿಂದಾಗಿ ‘ಓಲಾ ಬೋಲಾ’ ಮತ್ತು ‘ಜಗತ್’ ಎಂಬ ಎರಡು ಚಿತ್ರಗಳನ್ನು ಬೇರೆ ಪಂಕ್ತಿಯಲ್ಲಿ ಕೂರಿಸಿದರು. ‘ಓಲಾ ಬೋಲಾ’ ಇರುವುದೇ ಮಲಯ್, ಚೀನೀ, ಭಾರತೀಯ ಮೂಲದ ಆಟಗಾರರು ಒಂದಾಗಿ ಆಡುವ ಫುಟ್‌ಬಾಲ್ ತಂಡದ ಬಗ್ಗೆ! ಒಗ್ಗಟ್ಟಿನ ಕಥೆಗೆ ಒಗ್ಗಟ್ಟಿನ ವಿಭಾಗದಲ್ಲಿ ಜಾಗವಿಲ್ಲ. ಚಿತ್ರರಂಗದವರು ಪ್ರತಿಭಟಿಸಿದ ಮೇಲೆ ವಿಭಾಗಗಳು ಬದಲಾದವು, ಶ್ರೇಷ್ಠ ಮಲೇಷ್ಯನ್ ಚಿತ್ರ ಎಂಬ ಪ್ರಶಸ್ತಿ ‘ಜಗತ್’ಗೇ ಬಂತು. ಅದು ತಮಿಳು ಚಿತ್ರ. ತೋಟಗಳನ್ನು ಬಿಟ್ಟು ಪಟ್ಟಣದ ಅಂಚಿಗೆ ಬಂದ ಕೂಲಿ ಕುಟುಂಬಗಳ ಕಥೆ. ಆ ಹೆಸರನ್ನು ನಾವು ‘ಜಗತ್ತು’ ಎಂದು ಓದಿಕೊಂಡುಬಿಡುತ್ತೇವೆ. ಅಲ್ಲ. ಮಲಯ್ ಭಾಷೆಯಲ್ಲಿ ‘ಜಹತ್’ ಎಂದರೆ ಕೆಟ್ಟದ್ದು. ಅದು ಅಲ್ಲಿನ ತಮಿಳರ ನಾಲಿಗೆಯ ಮೇಲೆ ‘ಜಗತ್’ ಆಗಿದೆ. ಬೆರಕೆ ಎಂದರೇನು ಎಂದು ಯಾರಾದರೂ ಕೇಳಿದರೆ ಆ ಮೂರು ಅಕ್ಷರ ತೋರಿಸಿದರೆ ಸಾಕು.

ಉಪಶೀರ್ಷಿಕೆಗೆ ಬರೋಣ. ಬೆರಕೆ ಅತಿ ಹೆಚ್ಚು ಸೋರಿಹೋಗುವುದು ಇಲ್ಲಿ. 2022ರ ‘ಎವ್ರಿಥಿಂಗ್ ಎವ್ರಿವೇರ್ ಆಲ್ ಅಟ್ ಒನ್ಸ್’ ಚಿತ್ರದ ಆರಂಭವನ್ನು ನೆನಪಿಸಿಕೊಳ್ಳಿ. ಅಮೆರಿಕದಲ್ಲಿ ನೆಲೆಸಿದ ಚೀನೀ ಹೆಂಗಸು ಎವೆಲಿನ್ ಗಂಡನ ಜತೆ ಮ್ಯಾಂಡರಿನ್, ಅಪ್ಪನ ಜತೆ ಕ್ಯಾಂಟನೀಸ್, ಮಗಳ ಜತೆ ಇಂಗ್ಲಿಷ್ ಬೆರೆಸಿ ಆಡುತ್ತಾಳೆ. ಮಗಳು ತನ್ನ ಪ್ರೇಮಿಯಾದ ಗೆಳತಿಯನ್ನು ಅಜ್ಜನಿಗೆ ಪರಿಚಯಿಸಬೇಕು. ಅವಳ ಚೀನೀ ಭಾಷೆ ಅರ್ಧಕ್ಕೇ ನಿಲ್ಲುತ್ತದೆ. ಆ ಖಾಲಿ ಜಾಗಕ್ಕೆ ತಾಯಿ ನುಗ್ಗಿ, ಇವಳು ಮಗಳ ಒಳ್ಳೆಯ ಸ್ನೇಹಿತೆ ಎಂದು ಅಜ್ಜನ ಮಾತಿನಲ್ಲಿ ಹೇಳಿ ಮುಗಿಸುತ್ತಾಳೆ. ಸಂಗಾತಿ ಎಂಬುದು ಸ್ನೇಹಿತೆಯಾಯಿತು. ಮಗಳಿಗೆ ಪೆಟ್ಟು ಬಿದ್ದದ್ದು ಭಾಷೆ ಸಾಲದೆ ಹೋದ ಆ ಒಂದು ಕ್ಷಣದಲ್ಲಿ. ಇದಿಷ್ಟೂ ತಿಳಿಯುತ್ತದೆ, ಸರಿ. ಆದರೆ ಮ್ಯಾಂಡರಿನ್‌ನಿಂದ ಕ್ಯಾಂಟನೀಸ್‌ಗೆ ಅವಳು ಹೊರಳುವುದು ಎರಡೂ ಬಾರದವನಿಗೆ ಗೊತ್ತಾಗುವುದೇ ಇಲ್ಲ, ಏಕೆಂದರೆ ಕೆಳಗೆ ಓಡುವುದು ಒಂದೇ ಬಗೆಯ ಬಿಳಿ ಅಕ್ಷರ.

ಉಪಶೀರ್ಷಿಕೆ ಮಾಡುವವರ ಕಷ್ಟವೂ ಕಡಿಮೆಯಲ್ಲ. ಇಂಗ್ಲಿಷಿನಲ್ಲಾದರೆ ಸಾಲಿಗೆ ಸುಮಾರು 42 ಅಕ್ಷರ, ಹೆಚ್ಚೆಂದರೆ ಎರಡು ಸಾಲು. ನೋಡುಗ ಸೆಕೆಂಡಿಗೆ ಹದಿನೈದು ಇಪ್ಪತ್ತು ಅಕ್ಷರ ಓದಿಯಾನು. ಇಷ್ಟರಲ್ಲಿ ‘ಕ್ಯಾಂಟನೀಸ್‌ನಲ್ಲಿ’ ಎಂದು ಕಂಸದಲ್ಲಿ ಹಾಕಿದರೆ ಸಾಲಿನ ಮೂರರಲ್ಲೊಂದು ಭಾಗ ಅದಕ್ಕೇ ಹೋಗುತ್ತದೆ. ಓರೆ ಅಕ್ಷರ ಬಳಸೋಣವೆಂದರೆ ಅದನ್ನು ಫೋನಿನ ದನಿ, ರೇಡಿಯೊ, ಹಾಡುಗಳಿಗೆ ಮೊದಲೇ ಕೊಟ್ಟಾಗಿದೆ. ಕೆಲಸಕ್ಕೆ ಬರುವುದು ಬಣ್ಣ: ಎರಡನೆಯ ಭಾಷೆಗೆ ತಿಳಿ ಹಳದಿ ಕೊಟ್ಟರೆ ಎರಡು ನಿಮಿಷದಲ್ಲಿ ಕಣ್ಣು ಹೊಂದಿಕೊಳ್ಳುತ್ತದೆ. ಮೂರು ಭಾಷೆಗೆ ಮೂರು ಬಣ್ಣ ಹಾಕಿದರೆ ಮಾತ್ರ ಪ್ರೇಕ್ಷಕ ಕಥೆ ಬಿಟ್ಟು ಬಣ್ಣ ಹಿಡಿದು ಕೂರುತ್ತಾನೆ. ಇನ್ನೊಂದು ದಾರಿ, ಸಂಬಂಧಸೂಚಕ ಪದಗಳನ್ನು ಅನುವಾದಿಸದೆ ಹಾಗೇ ಬಿಡುವುದು. ಅಜ್ಜನನ್ನು ಕರೆಯುವ ಪದ ಬದಲಾದರೆ ಭಾಷೆ ಬದಲಾಯಿತೆಂದು ತಾನಾಗಿ ಗೊತ್ತಾಗುತ್ತದೆ. ಎಲ್ಲಕ್ಕಿಂತ ಕೆಟ್ಟ ಪದ್ಧತಿ ಯಾವುದೆಂದರೆ, ಪ್ರಧಾನ ಭಾಷೆಯನ್ನಷ್ಟೇ ಅನುವಾದಿಸಿ ಉಳಿದವರು ಮಾತಾಡುವಾಗ ‘ಅನ್ಯಭಾಷೆಯ ಮಾತು’ ಎಂದು ಹಾಕಿಬಿಡುವುದು. ಮನುಷ್ಯನ ಮಾತನ್ನು ಗುಡುಗು, ನಾಯಿ ಬೊಗಳಿದ ಸದ್ದುಗಳ ಸಾಲಿಗೆ ಸೇರಿಸಿದ ಹಾಗೆ.

ಡಬ್ಬಿಂಗ್ ಎಂದರೆ ಯಾವಾಗಲೂ ಅಳಿಸುವುದೇ ಎಂದುಕೊಳ್ಳಬೇಡಿ. 2013ರಲ್ಲಿ ‘ಸ್ಟಾರ್ ವಾರ್ಸ್’ ಅಮೆರಿಕದ ಮೂಲನಿವಾಸಿಗಳ ನವಾಹೋ ಭಾಷೆಗೆ ಡಬ್ ಆಯಿತು. 2017ರಲ್ಲಿ ‘ಮೊವಾನಾ’ ನ್ಯೂಜಿಲೆಂಡಿನ ಮೂಲನಿವಾಸಿಗಳ ಮಾವೊರಿಗೆ ಬಂತು. ದೊಡ್ಡ ಕಂಪನಿಯ ಚಿತ್ರದೊಳಗೆ ಸಣ್ಣ ಭಾಷೆ ಹೋಗಿ ಕೂರುವುದು ಇದು. ಮಕ್ಕಳು ಆ ಭಾಷೆಯಲ್ಲಿ ಹಾಡು ಗುನುಗುತ್ತಾರಲ್ಲ, ಪಠ್ಯಪುಸ್ತಕದಿಂದ ಆಗದ ಕೆಲಸ.

ದುಡ್ಡು ಕೂಡ ಬೆರಕೆಯನ್ನು ಬರೆಯುತ್ತದೆ. ಹಲವು ದೇಶಗಳು ಸೇರಿ ಚಿತ್ರ ಮಾಡಲು ಯುರೋಪಿನಲ್ಲಿ ಆದ ಸಹನಿರ್ಮಾಣ ಒಪ್ಪಂದ 1992ರದು. ಅದರ ಪ್ರಕಾರ ಒಂದು ಚಿತ್ರ ‘ಯುರೋಪಿಯನ್’ ಎನಿಸಿಕೊಂಡು ಸರ್ಕಾರದ ನೆರವಿಗೆ ಅರ್ಹವಾಗಲು 19ರಲ್ಲಿ 15 ಅಂಕ ಗಳಿಸಬೇಕಿತ್ತು. ಯುರೋಪಿನವರಾದರೆ ನಿರ್ದೇಶಕರಿಗೆ 3, ಚಿತ್ರಕಥೆಗೆ 3, ಸಂಗೀತಕ್ಕೆ 1. ಮೊದಲ ಪಾತ್ರಕ್ಕೆ 3, ಎರಡನೆಯದಕ್ಕೆ 2, ಮೂರನೆಯದಕ್ಕೆ 1. ಛಾಯಾಗ್ರಹಣ, ಧ್ವನಿ, ಸಂಕಲನ, ಕಲೆ, ಚಿತ್ರೀಕರಣದ ಜಾಗ, ಚಿತ್ರೀಕರಣೋತ್ತರ ಕೆಲಸ, ಇವುಗಳಿಗೆ ಒಂದೊಂದು. ವಲಸೆಗಾರನ ಕಥೆ ಮಾಡುವವನು ಈ ಪಟ್ಟಿಯನ್ನು ಹಿಡಿದು ಕೂತರೆ ಏನಾಗುತ್ತದೆ ನೋಡಿ. ನಾಯಕನ ಪಾತ್ರಕ್ಕೆ ಯುರೋಪಿನ ಹೊರಗಿನ ನಟನನ್ನು ತಂದರೆ 3 ಅಂಕ ಹೋಯಿತು, ಉಳಿದದ್ದು 16. ಅವನ ಹೆಂಡತಿಯೂ ಹೊರಗಿನವಳಾದರೆ 14, ಚಿತ್ರ ಕೆಳಗೆ ಬಿತ್ತು. ಆಗ ಪಕ್ಕದ ಮನೆಯ ಒಬ್ಬ ಸಹೃದಯ ಯುರೋಪಿಯನ್ ಹೆಂಗಸು ಎರಡನೆಯ ಮುಖ್ಯ ಪಾತ್ರವಾಗಿ ಹುಟ್ಟಿಕೊಳ್ಳುತ್ತಾಳೆ. ವಿಮರ್ಶಕರು ಅವಳನ್ನು ‘ಸಂಸ್ಕೃತಿಗಳ ಸೇತುವೆ’ ಎಂದು ಬರೆಯುತ್ತಾರೆ. ಲೆಕ್ಕಪತ್ರದಲ್ಲಿ ಅವಳು 2 ಅಂಕ. 2017ರಲ್ಲಿ ಈ ಒಪ್ಪಂದದ ಪರಿಷ್ಕರಣೆ ನಡೆದಿದೆ. ಆದರೂ ಅಂಕದ ತರ್ಕ ಹೋಗಿಲ್ಲ.

ಸಹನಿರ್ಮಾಣದಿಂದ ಒಳ್ಳೆಯದೂ ಆಗುತ್ತದೆ. ರಶೀದ್ ಬುಶಾರೆಬ್ ಅವರ 2006ರ ‘ಆಂದಿಜೆನ್’, ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸಿಗಾಗಿ ಹೋರಾಡಿದ ಉತ್ತರ ಆಫ್ರಿಕಾದ ಸೈನಿಕರ ಕಥೆ. ಹೆಸರೇ ವಸಾಹತು ಸರ್ಕಾರ ‘ಸ್ಥಳೀಯ’ರಿಗೆ ಬಳಸುತ್ತಿದ್ದ ಪದ. ಈ ಸೈನಿಕರ ಪಿಂಚಣಿಯನ್ನು ಫ್ರಾನ್ಸ್ 1959ರಲ್ಲಿ ಇದ್ದ ಮೊತ್ತದಲ್ಲೇ, ಮುಂದೆ ಏರದ ಹಾಗೆ, ನಿಲ್ಲಿಸಿತ್ತು. ಚಿತ್ರ ಬಿಡುಗಡೆಯಾಗುವ ಹೊತ್ತಿಗೆ ಶಿರಾಕ್ ಸರ್ಕಾರ ಅದನ್ನು ಫ್ರೆಂಚ್ ಸೈನಿಕರ ಮಟ್ಟಕ್ಕೆ ಏರಿಸುವುದಾಗಿ ಪ್ರಕಟಿಸಿತು. ಚಿತ್ರ ಆಸ್ಕರ್ ನಾಮನಿರ್ದೇಶನ ಪಡೆದದ್ದು ಫ್ರಾನ್ಸಿನ ಹೆಸರಿನಲ್ಲಲ್ಲ, ಅಲ್ಜೀರಿಯಾದ ಹೆಸರಿನಲ್ಲಿ. ಯಾವ ರಾಷ್ಟ್ರದ ಸಿನಿಮಾ ಇದು? ತಲೆಕೆಡಿಸಿಕೊಳ್ಳಬೇಕಾದ ಪ್ರಶ್ನೆ, ಉತ್ತರ ಒಂದೇ ಇರಬೇಕಿಲ್ಲ.

ಕಣ್ಣಿನ ಕಡೆಗೂ ಸ್ವಲ್ಪ ಬರೋಣ. ಹಳೆಯ ಫಿಲ್ಮ್ ರೀಲಿನ ತುದಿಯಲ್ಲಿ, ಕಥೆ ಶುರುವಾಗುವ ಮುನ್ನ, ಒಬ್ಬ ಹೆಂಗಸಿನ ಮುಖವಿರುವ ಕೆಲವೇ ಫ್ರೇಮುಗಳಿರುತ್ತಿದ್ದವು; ಪಕ್ಕದಲ್ಲಿ ಬಣ್ಣದ ಪಟ್ಟಿ. ಲ್ಯಾಬಿನವರು ಅವಳ ಚರ್ಮ ಸರಿಯಾಗಿ ಬಂದಿದೆಯೇ ನೋಡಿ ಇಡೀ ಪ್ರಿಂಟಿನ ಬಣ್ಣ ಹೊಂದಿಸುತ್ತಿದ್ದರು. ಆ ಹೆಂಗಸಿಗೆ ‘ಚೈನಾ ಗರ್ಲ್’ ಎಂಬ ಅಡ್ಡಹೆಸರು, ಆದರೆ ಅವಳು ಬಹುಮಟ್ಟಿಗೆ ಬಿಳಿಯಳೇ. ಸ್ಥಿರಚಿತ್ರದ ಲ್ಯಾಬುಗಳಲ್ಲಿ ಇದೇ ಕೆಲಸಕ್ಕೆ ಕೊಡ್ಯಾಕಿನ ‘ಶರ್ಲಿ ಕಾರ್ಡ್’ ಇತ್ತು. ಒಂದು ಬಣ್ಣದ ಚರ್ಮ ಸರಿ ಬಂದರೆ ಎಲ್ಲ ಸರಿ ಎಂಬ ಲೆಕ್ಕ. ಉಳಿದವರು ಕತ್ತಲಲ್ಲಿ ಕಣ್ಣು, ಹಲ್ಲು ಮಾತ್ರ ಆಗಿ ಉಳಿದರು.

ಡಿಜಿಟಲ್ ಬಂದ ಮೇಲೂ ಸೆಟ್ಟಿನಲ್ಲಿ ತಪ್ಪು ಆಗುವುದು ಹೀಗೆ. ತಿಳಿ ಚರ್ಮ ಕ್ಯಾಮೆರಾ ಅಳತೆಗೆ ಹಿಡಿಯುವ ಮಧ್ಯಮ ಬೂದುವಿಗಿಂತ ಸುಮಾರು ಒಂದು ಸ್ಟಾಪ್, ಅಂದರೆ ಇಮ್ಮಡಿ ಬೆಳಕಿನಷ್ಟು, ಮೇಲಿರುತ್ತದೆ, ಕಡುಗಪ್ಪು ಚರ್ಮ ಒಂದೆರಡು ಸ್ಟಾಪ್ ಕೆಳಗೆ. ಇಬ್ಬರನ್ನೂ ಒಂದೇ ಫ್ರೇಮಿನಲ್ಲಿ, ಒಂದೇ ದೀಪದ ಕೆಳಗೆ ಕೂರಿಸಿ ಬಿಳಿಯವನಿಗೆ ಎಕ್ಸ್‌ಪೋಷರ್ ಇಟ್ಟರೆ ಇನ್ನೊಬ್ಬನ ಮುಖಭಾವ ಹೋಗುತ್ತದೆ. ಆಮೇಲೆ ಬಣ್ಣ ತಿದ್ದುವ ಕೋಣೆಯಲ್ಲಿ ಆ ಮುಖವನ್ನು ಎತ್ತಿದರೆ ಮರಳಿನಂಥ ಚುಕ್ಕೆಗಳು ಏಳುತ್ತವೆ, ಚರ್ಮ ಬೂದಿ ಬಳಿದಂತಾಗುತ್ತದೆ. ಸರಿಪಡಿಸಬೇಕಾದ್ದು ಸೆಟ್ಟಿನಲ್ಲೇ: ಕಪ್ಪು ಚರ್ಮದವರನ್ನು ದೀಪಕ್ಕೆ ಹತ್ತಿರ ಕೂರಿಸುವುದು, ಇನ್ನೊಬ್ಬರ ಮೇಲಿನ ಬೆಳಕನ್ನು ಜಾಲರಿಯಿಂದ ಇಳಿಸುವುದು. ಚಿಕ್ಕ ಗಡಸು ದೀಪಕ್ಕಿಂತ ದೊಡ್ಡ ಬಿಳಿ ಬಟ್ಟೆಯಿಂದ ಮರಳಿ ಬರುವ ಬೆಳಕು ಒಳ್ಳೆಯದು, ಏಕೆಂದರೆ ಕಪ್ಪು ಚರ್ಮದ ಆಕಾರ ಗೊತ್ತಾಗುವುದು ಅದರ ಮೇಲೆ ಜಾರುವ ಹೊಳಪಿನಿಂದ. ಮೇಕಪ್ಪಿನವರು ಅಭ್ಯಾಸಬಲದಿಂದ ಪೌಡರ್ ಹಾಕಿ ಆ ಹೊಳಪನ್ನೇ ಕೊಂದರೆ ಯಾವ ದೀಪವೂ ಕಾಪಾಡದು. ಹಿನ್ನೆಲೆಯ ಸುಣ್ಣದ ಗೋಡೆಯನ್ನೂ ಒಂದಿಷ್ಟು ಮಬ್ಬಾಗಿಸಬೇಕು. ಇಪ್ಪತ್ತು ನಿಮಿಷದ ಕೆಲಸ. ಯಾವ ಪಾತ್ರಕ್ಕಾಗಿ ಆ ಇಪ್ಪತ್ತು ನಿಮಿಷ ಕೊಡುತ್ತಾರೆ ಎನ್ನುವುದೇ ಪ್ರಾತಿನಿಧ್ಯದ ಪ್ರಶ್ನೆ.

ಪಾತ್ರವರ್ಗದ ಕಥೆ ನಿಮಗೆ ಗೊತ್ತಿರುವುದೇ, ಬೇಗ ಮುಗಿಸುತ್ತೇನೆ. 1937ರ ‘ದಿ ಗುಡ್ ಅರ್ತ್’ ಚೀನಾದ ರೈತರ ಕಥೆ. ನಾಯಕಿಯ ಪಾತ್ರ ಚೀನೀ ಮೂಲದ ತಾರೆ ಆನಾ ಮೇ ವಾಂಗ್‌ಗೆ ಸಿಗಲಿಲ್ಲ. ನಾಯಕನ ಪಾತ್ರ ಬಿಳಿಯ ನಟನದು, ಬಿಳಿಯರು ಇತರರೊಡನೆ ಕೂಡುವುದನ್ನು ತೋರಿಸಲು ಆಗಿನ ಹಾಲಿವುಡ್ ಸಂಹಿತೆಯ ಭಯ. ಪಾತ್ರ ಮಾಡಿದ ಲೂಯಿಸ್ ರೈನರ್‌ಗೆ ಆಸ್ಕರ್ ಬಂತು. ನಮ್ಮಲ್ಲಿ 2014ರ ‘ಮೇರಿ ಕೋಮ್’ನಲ್ಲಿ ಮಣಿಪುರದ ಬಾಕ್ಸರ್ ಆಗಿದ್ದು ಪ್ರಿಯಾಂಕಾ ಚೋಪ್ರಾ. ಆ ಚಿತ್ರ ಮಣಿಪುರದಲ್ಲಿ ತೆರೆಕಾಣಲಿಲ್ಲ. ಅಲ್ಲಿ ಉಗ್ರಗಾಮಿ ಸಂಘಟನೆ 2000ರಿಂದ ಹಿಂದಿ ಚಿತ್ರಗಳನ್ನು ತಡೆದಿತ್ತು. ಯಾರ ಕಥೆಯೋ ಅವರ ಊರಲ್ಲೇ ಆಟವಿಲ್ಲ.

‘ಅಮರ್ ಅಕ್ಬರ್ ಆಂಟನಿ’ ಬಗ್ಗೆ ಮಾತ್ರ ಒಂದು ನಿಮಿಷ ನಿಲ್ಲಲೇಬೇಕು. ಮೂವರು ಮಕ್ಕಳು ಮೂರು ಮಂಚದ ಮೇಲೆ ಮಲಗಿದ್ದಾರೆ, ಮೂವರ ರಕ್ತವೂ ನಳಿಕೆಗಳಲ್ಲಿ ಮೇಲೇರಿ, ಒಂದೇ ಬಾಟಲಿಯಲ್ಲಿ ಕೂಡಿ, ತಾಯಿಯ ಮೈಗೆ ಇಳಿಯುತ್ತದೆ. ಗುರುತ್ವಾಕರ್ಷಣೆಗೂ ವೈದ್ಯಶಾಸ್ತ್ರಕ್ಕೂ ಅಂದು ರಜೆ. ಮೂರು ಧರ್ಮ, ಒಂದು ತಾಯಿ. ಎಷ್ಟು ಸುಂದರವಾದ ಸುಳ್ಳು! ಆದರೆ ಕಥೆಯನ್ನು ಹಿಂದಕ್ಕೆ ಎಳೆದು ನೋಡಿ: ಮೂವರೂ ಹುಟ್ಟಿದ್ದು ಒಂದೇ ಹಿಂದೂ ಮನೆಯಲ್ಲಿ. ಬೇರೆತನ ಸಾಕಿದವರಿಂದ ಬಂದದ್ದು, ಒಂದಾಗಿರುವುದು ರಕ್ತದಿಂದ. 1977ರ ಈ ಚಿತ್ರವನ್ನು ನಾನು ಇಂದಿಗೂ ಪ್ರೀತಿಯಿಂದಲೇ ನೋಡುತ್ತೇನೆ. ಆದರೂ ಹೇಳುತ್ತೇನೆ, ಅದು ಬೆರಕೆಯನ್ನು ತೋರಿಸುವ ಚಿತ್ರವಲ್ಲ, ಬೆರಕೆಗೆ ಮೊದಲೇ ಜಾಮೀನು ಕೊಡುವ ಚಿತ್ರ.

ಈಗಿನ ವೈವಿಧ್ಯದ ಮಾನದಂಡಗಳ ಬಗ್ಗೆ ಕೇಳುವವರಿದ್ದೀರಿ. ಆಸ್ಕರ್‌ನ ಶ್ರೇಷ್ಠ ಚಿತ್ರ ವಿಭಾಗಕ್ಕೆ 2024ರ ಸಮಾರಂಭದಿಂದ ನಾಲ್ಕು ಮಾನದಂಡಗಳಲ್ಲಿ ಎರಡನ್ನು ಪೂರೈಸಬೇಕು: ತೆರೆಯ ಮೇಲಿನವರು, ತೆರೆಯ ಹಿಂದಿನ ಮುಖ್ಯಸ್ಥರು, ತರಬೇತಿ ಅವಕಾಶ, ಪ್ರಚಾರ ಮತ್ತು ವಿತರಣೆಯ ಸಿಬ್ಬಂದಿ. ಕೊನೆಯ ಎರಡನ್ನು ಸ್ಟುಡಿಯೊ ತನ್ನ ಕಚೇರಿಯಲ್ಲೇ ಪೂರೈಸಬಹುದು. ತೆರೆಯ ಮೇಲೆ ಒಂದು ಮುಖವೂ ಬದಲಾಗದೆ ಚಿತ್ರ ಪಾಸಾಗುತ್ತದೆ. ಹೆದರಿದವರ ಭಯವೂ ಹೆಚ್ಚಾಯಿತು, ಹಿಗ್ಗಿದವರ ಹಿಗ್ಗೂ ಹೆಚ್ಚಾಯಿತು ಎಂದು ನನಗನ್ನಿಸುತ್ತದೆ.

ವಲಸೆ ಬಂದವರ ಮಕ್ಕಳೇ ತಮ್ಮವರ ಕಥೆ ಹೇಳಹೊರಟಾಗ ಇನ್ನೊಂದು ಭಾರ ಹೆಗಲೇರುತ್ತದೆ. ಒಂದು ಚಿತ್ರ ಇಡೀ ಸಮುದಾಯದ ಪರವಾಗಿ ಮಾತಾಡಬೇಕು ಎಂಬ ನಿರೀಕ್ಷೆ. 1985ರ ಬ್ರಿಟಿಷ್ ಚಿತ್ರ ‘ಮೈ ಬ್ಯೂಟಿಫುಲ್ ಲಾಂಡ್ರೆಟ್’ನಲ್ಲಿ ಪಾಕಿಸ್ತಾನಿ ಮೂಲದ ಹುಡುಗ ಬಿಳಿಯ ಹುಡುಗನನ್ನು ಪ್ರೀತಿಸುತ್ತಾನೆ, ಅವನ ಬಂಧುಗಳಲ್ಲಿ ಮಾದಕವಸ್ತು ಸಾಗಿಸುವವರಿದ್ದಾರೆ. ಇದನ್ನು ಪ್ರತಿಭಟಿಸಿ ಅಮೆರಿಕದಲ್ಲಿ ಪಾಕಿಸ್ತಾನಿ ಗುಂಪೊಂದು ಬೀದಿಗಿಳಿಯಿತು. ಒಳ್ಳೆಯವರಾಗಿಯೇ ಕಾಣಬೇಕಾದ ಈ ಹೊರೆಯ ಸಿನಿಮಾಕ್ಕೆ ಸಿನಿಮಾ ವಿದ್ವಾಂಸರು ‘ಕರ್ತವ್ಯದ ಸಿನಿಮಾ’ ಎಂದರು. ಆ ಹೊರೆ ಕಳಚಿಬಿದ್ದಾಗ ಹೇಗಿರುತ್ತದೆ ಎಂದು ನೋಡಬೇಕಾದರೆ ಫಾತಿಹ್ ಆಕಿನ್ ಅವರ ‘ಹೆಡ್-ಆನ್’ ನೋಡಿ. 2004ರಲ್ಲಿ ಬರ್ಲಿನ್‌ನ ಚಿನ್ನದ ಕರಡಿ ಗೆದ್ದ ಚಿತ್ರ. ಹೆಣ್ಣು ಕೇಳಲು ಬಂದ, ಜರ್ಮನಿಯಲ್ಲಿ ನೆಲೆಸಿದ ಟರ್ಕಿ ಮೂಲದ ಜಾಹಿತ್‌ನ ಟರ್ಕಿ ಭಾಷೆ ಹರಕುಮುರುಕು. ನಿನ್ನ ಟರ್ಕಿಶ್ ಏನು ಮಾಡಿಕೊಂಡೆ ಎಂದು ಹುಡುಗಿಯ ಅಣ್ಣ ಕೇಳಿದರೆ, ಬಿಸಾಕಿದೆ ಎನ್ನುತ್ತಾನೆ. ಕೊನೆಗೆ ಇಸ್ತಾಂಬುಲ್‌ಗೆ ಹೋದಾಗ ಅವನಿಗೆ ಸಿಗುವ ಟ್ಯಾಕ್ಸಿಯವನು ಬವೇರಿಯಾದ ಜರ್ಮನ್ ಆಡುತ್ತಾನೆ. ಹುಡುಗಿಯ ಬಂಧುವಿನ ಎದುರು ಎದೆಯ ಮಾತು ಹೇಳಬೇಕಾದಾಗ ಜಾಹಿತ್‌ಗೆ ಟರ್ಕಿಶ್ ಸಾಲದು, ಜರ್ಮನ್ ನಡೆಯದು, ಇಂಗ್ಲಿಷಿಗೆ ಹೊರಳುತ್ತಾನೆ. ಯಾರೂ ಎದ್ದು ನಿಂತು ಅಸ್ಮಿತೆಯ ಬಗ್ಗೆ ಭಾಷಣ ಮಾಡುವುದಿಲ್ಲ.

ಇನ್ನು ಮುಂದೆ ಚಿತ್ರ ನೋಡುವಾಗ ಒಂದು ಕೆಲಸ ಮಾಡಿ. ನಾಯಕ ನಾಯಕಿಯರ ಮಾತನ್ನು ಬಿಟ್ಟು ಹಿಂದಿನ ಗುಜುಗುಜು ಕೇಳಿ. ಸಂತೆ, ಬಸ್ಸು, ಆಸ್ಪತ್ರೆಯ ಪಡಸಾಲೆ. ಚಿತ್ರೀಕರಣದಲ್ಲಿ ಹಿಂದಿನವರು ಸುಮ್ಮನೆ ತುಟಿ ಆಡಿಸುತ್ತಿರುತ್ತಾರೆ. ಆ ಸದ್ದನ್ನು ಆಮೇಲೆ ಸ್ಟುಡಿಯೊದಲ್ಲಿ ಆರೆಂಟು ಜನರನ್ನು ಮೈಕಿನ ಮುಂದೆ ನಿಲ್ಲಿಸಿ ತುಂಬುತ್ತಾರೆ. ಮೂರು ಭಾಷೆಯ ಊರಾದರೆ ಮೂರು ಗುಂಪು ಬೇಕು, ಅಂದರೆ ಇನ್ನೊಂದು ದಿನದ ಬಾಡಿಗೆ. ಸಾಮಾನ್ಯವಾಗಿ ಆ ದಿನ ಸಿಗುವುದಿಲ್ಲ, ಸಿದ್ಧ ಧ್ವನಿಭಂಡಾರದಿಂದ ಯಾವುದೋ ಊರಿನ ಗದ್ದಲ ತಂದು ಕೂರಿಸುತ್ತಾರೆ. ಹಾಗಾಗಿ ತೆರೆಯ ಮೇಲೆ ಹತ್ತು ಬಗೆಯ ಮುಖಗಳಿರುವ ಸಂತೆ, ಕಣ್ಣು ಮುಚ್ಚಿದರೆ ಒಂದೇ ಮಾತಿನ ಸಂತೆ. ಒಮ್ಮೊಮ್ಮೆ ಯಾರೋ ಆ ದಿನದ ಬಾಡಿಗೆ ಕೊಟ್ಟಿರುತ್ತಾರೆ. ಆಗ ನಾಯಕಿಯ ಬೆನ್ನ ಹಿಂದೆ, ಗಮನಕ್ಕೂ ಬಾರದ ಹಾಗೆ, ಒಬ್ಬಾಕೆ ಒಂದು ಭಾಷೆಯಲ್ಲಿ ಬೆಲೆ ಕೇಳುತ್ತಾಳೆ, ಮಾರುವವನು ಇನ್ನೊಂದರಲ್ಲಿ ಉತ್ತರಿಸುತ್ತಾನೆ, ಚೌಕಾಸಿ ಮೂರನೆಯದರಲ್ಲಿ ಮುಗಿಯುತ್ತದೆ.